ಮಗಳಿಗೆ ಆಟಿಸಂ ಇರಬಹುದೇನೋ ಎಂಬ ಮಾತನ್ನು ಅವಳ ಜೊತೆಗೇ ಆಡುವುದು ಹೇಗೆ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ಮಗಳಿಗೆ 15 ವರ್ಷ, ಒಂಬತ್ತನೇ ಕ್ಲಾಸು ಮುಗಿಯುತ್ತಾ ಬಂದಿದೆ. ಗಣಿತದಲ್ಲಿ ಯಾವಾಗಲೂ ತೊಂಬತ್ತರ ಮೇಲೆ. ಆದರೆ ಶಾಲೆಯಿಂದ ಬಂದವಳೇ ರೂಮಿನ ಬಾಗಿಲು ಹಾಕಿಕೊಂಡರೆ ಎರಡು ಗಂಟೆ ಹೊರಗೆ ಬರುವುದಿಲ್ಲ. ಏನಾದರೂ ಕೇಳಿದರೆ ಅಳು, ಇಲ್ಲವೇ ಕೂಗಾಟ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಕಾರಿನೊಳಗೆ ಹೋಗಿ ಕೂರುತ್ತಾಳೆ. ಒಗ್ಗರಣೆಯ ಸಾಸಿವೆ ಬಾಯಿಗೆ ಸಿಕ್ಕರೆ ತಟ್ಟೆ ಬಿಟ್ಟು ಏಳುವುದು ಅವಳು ಮೂರು ವರ್ಷದವಳಿದ್ದಾಗಿನಿಂದಲೂ ಇದೆ. ಇದ್ದ ಒಬ್ಬಳೇ ಗೆಳತಿ ಹೋದ ವರ್ಷ ಬೇರೆ ಶಾಲೆಗೆ ಹೋದಳು. ನಮ್ಮ ಬೀದಿಯ ನಾಯಿಗಳ ಮೂರು ತಲೆಮಾರಿನ ವಂಶಾವಳಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ, ಆ ವಿಷಯ ಎತ್ತಿದರೆ ಮಾತ್ರ ಗಂಟೆಗಟ್ಟಲೆ ಮಾತು. ಬೆಂಗಳೂರಿನಲ್ಲಿ ವಿಶೇಷ ಶಿಕ್ಷಕಿಯಾಗಿರುವ ನನ್ನ ನಾದಿನಿ, "ಅತ್ತಿಗೆ, ಇವಳು ಆಟಿಸಂ ಸ್ಪೆಕ್ಟ್ರಮ್‌ನಲ್ಲಿ ಇರಬಹುದು, ಒಂದು ಸಲ ತೋರಿಸಿ" ಅಂದಳು. ಯಜಮಾನರು "ನಾನೂ ಚಿಕ್ಕವನಿದ್ದಾಗ ಹಿಂಗೇ ಇದ್ದೆ, ಹೆಣ್ಣುಮಗುವಿಗೆ ಹಣೆಪಟ್ಟಿ ಹಚ್ಚಬೇಡ, ನಾಳೆ ಮದುವೆ ಆಗಬೇಕು" ಅಂತಾರೆ. ಅತ್ತೆ ಎರಡು ಸಲ ದೃಷ್ಟಿ ತೆಗೆದರು. ಅವಳಿಗೆ ಈ ವಿಷಯ ಹೇಳಬೇಕೇ? ಅಥವಾ ಕಣ್ಣಿನ ಪರೀಕ್ಷೆ ಅಂತ ಹೇಳಿ ಕರೆದುಕೊಂಡು ಹೋಗಿಬಿಡೋಣವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಹದಿನೈದರ ಹುಡುಗಿ ಆಸ್ಪತ್ರೆಯ ಬೋರ್ಡು ಓದುತ್ತಾಳೆ. ಅಲ್ಲಿ ಕೇಳುವ ಪ್ರಶ್ನೆಗಳು ಕಣ್ಣಿನ ಬಗ್ಗೆ ಅಲ್ಲ ಎಂದು ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಆಮೇಲೆ ಅವಳು ಬಾಯಿ ಬಿಡುವುದಿಲ್ಲ, ಬಾಯಿ ಬಿಡದ ಮಗುವಿನ ಮೌಲ್ಯಮಾಪನವೂ ಸರಿಯಾಗಿ ಆಗುವುದಿಲ್ಲ. ಹೇಳಿದ ಮಾತನ್ನು ಹೇಳಿದಂತೆಯೇ ನಂಬುವ ಮಕ್ಕಳಿಗೆ ಅಮ್ಮನ ಒಂದು ಸುಳ್ಳು ವರ್ಷಗಟ್ಟಲೆ ಚುಚ್ಚುತ್ತಿರುತ್ತದೆ.

ಹಾಗಾದರೆ ಹೇಳಬೇಕೇ? ಹೇಳಬೇಕು, ಪರೀಕ್ಷೆಗೆ ಮೊದಲೇ ಹೇಳಬೇಕು. "ನಿನಗೆ ಆಟಿಸಂ ಇದೆ" ಎಂದಲ್ಲ, ಅದು ನಿಮಗೂ ನನಗೂ ಇನ್ನೂ ಗೊತ್ತಿಲ್ಲ. "ಇರಬಹುದು, ಇಲ್ಲದೆಯೂ ಇರಬಹುದು, ತಿಳಿದುಕೊಳ್ಳೋಣವಾ" ಎಂದು. ಎಲ್ಲ ಖಚಿತವಾದ ಮೇಲೆ ಹೇಳೋಣ ಎಂದು ಕಾಯುವ ತಂದೆತಾಯಿಯರೇ ಹೆಚ್ಚು. ಅಷ್ಟರಲ್ಲಿ ಮನೆಯ ಪಿಸುಮಾತು ಕೇಳಿ, ಅಮ್ಮನ ಫೋನಿನಲ್ಲಿ ಹುಡುಕಿದ್ದನ್ನು ನೋಡಿ, ಮಗು ತಾನೇ ಒಂದು ತೀರ್ಮಾನಕ್ಕೆ ಬಂದಿರುತ್ತದೆ. "ನನ್ನಲ್ಲಿ ಏನೋ ಕೆಟ್ಟದ್ದಿದೆ, ಅದಕ್ಕೇ ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ" ಎಂಬ ಆ ತೀರ್ಮಾನ ಆಟಿಸಂ ಎಂಬ ಹೆಸರಿಗಿಂತ ಎಷ್ಟೋ ಪಾಲು ಹಾನಿಕರ.

ಮೊದಲು ನೀವು ಬರೆದಿರುವುದನ್ನು ಬಿಡಿಸಿ ನೋಡೋಣ. ಆಟಿಸಂ ಎನ್ನಬೇಕಾದರೆ ಎರಡು ಗುಂಪಿನ ಲಕ್ಷಣಗಳೂ ಇರಬೇಕು. ಒಂದು, ಜನರೊಂದಿಗಿನ ಮಾತುಕತೆ, ಸ್ನೇಹ, ಸನ್ನೆ, ಹೇಳದೆ ಬಿಟ್ಟ ಮಾತನ್ನು ಗ್ರಹಿಸುವುದು, ಇವುಗಳಲ್ಲಿ ಭಿನ್ನತೆ. ಇನ್ನೊಂದು, ಒಂದೇ ವಿಷಯದಲ್ಲಿ ಆಳವಾದ ಆಸಕ್ತಿ, ದಿನಚರಿ ಬದಲಾದರೆ ತಳಮಳ, ಸದ್ದು, ರುಚಿ, ಸ್ಪರ್ಶಗಳಿಗೆ ಅತಿಯಾದ ಅಥವಾ ತೀರಾ ಕಡಿಮೆ ಸ್ಪಂದನೆ. ಇವು ಚಿಕ್ಕಂದಿನಿಂದಲೇ ಇರಬೇಕು, ದಿನನಿತ್ಯದ ಬದುಕಿಗೆ ತೊಡಕಾಗಿರಬೇಕು. ಸಾಸಿವೆಯ ಕಥೆ ಅವಳು ಮೂರು ವರ್ಷದವಳಿದ್ದಾಗಿನಿಂದ ಇದೆ ಎಂದಿದ್ದೀರಿ, ವಾಲಗದ ಸದ್ದಿಗೆ ಓಡುತ್ತಾಳೆ ಎಂದಿದ್ದೀರಿ, ನಾಯಿಗಳ ವಂಶಾವಳಿ ಇದೆ. ಇವು ಗಮನಿಸಬೇಕಾದವೇ. ಆದರೆ ಬಾಗಿಲು ಹಾಕಿಕೊಳ್ಳುವುದು, ಅಳು, ಕೂಗಾಟ ಯಾವಾಗ ಶುರುವಾಯಿತು ಎಂದು ನೀವು ಬರೆದಿಲ್ಲ. ಗೆಳತಿ ಹೋದ ಮೇಲೆ ಶುರುವಾಗಿದ್ದರೆ ಅದು ಖಿನ್ನತೆ ಇರಬಹುದು. ಎಂಟನೇ ಕ್ಲಾಸಿನವರೆಗೆ ಚೆನ್ನಾಗಿದ್ದ ಮಗು ಹಠಾತ್ತಾಗಿ ಮುದುಡಿಕೊಂಡರೆ, ಶಾಲೆಯಲ್ಲಿ ಗೇಲಿ, ಕಿರುಕುಳ, ಯಾರಿಂದಲಾದರೂ ಅಸಭ್ಯ ವರ್ತನೆ ಆಗಿದೆಯೇ ಎಂದು ಮೊದಲು ಕೇಳಬೇಕು. ಜನರ ಎದುರು ಹೋಗಲು ವಿಪರೀತ ಅಂಜಿಕೆ, ಗೀಳು ಕಾಯಿಲೆ, ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ), ಕಿವಿ ಸರಿಯಾಗಿ ಕೇಳಿಸದಿರುವುದು, ಇವೂ ಹೊರಗಿನಿಂದ ಆಟಿಸಂನಂತೆಯೇ ಕಾಣುತ್ತವೆ. ಎಷ್ಟೋ ಮಕ್ಕಳಲ್ಲಿ ಆಟಿಸಂ ಜೊತೆಗೇ ಇವುಗಳಲ್ಲಿ ಒಂದೆರಡು ಇರುತ್ತವೆ.

ಇನ್ನೊಂದು ಸಾಧ್ಯತೆ ಇದೆ, ಹೆಣ್ಣುಮಕ್ಕಳಲ್ಲಿ ಇದೇ ಹೆಚ್ಚು ತಪ್ಪಿಹೋಗುವುದು. ಬುದ್ಧಿವಂತ ಹುಡುಗಿಯರು ಬೇರೆಯವರು ಹೇಗೆ ನಗುತ್ತಾರೆ, ಎಷ್ಟು ಹೊತ್ತು ಕಣ್ಣು ನೋಡುತ್ತಾರೆ, ಯಾವ ಮಾತಿಗೆ "ಹೌದಾ!" ಅಂತಾರೆ ಎಂದು ಗಮನಿಸಿ ಕಲಿತು ಅದನ್ನೇ ಮಾಡುತ್ತಾರೆ. ನಾವು ಇದಕ್ಕೆ ಮಾಸ್ಕಿಂಗ್ ಎನ್ನುತ್ತೇವೆ. ಬೆಳಗ್ಗೆಯಿಂದ ಸಂಜೆವರೆಗೆ ಅರೆಬರೆ ಗೊತ್ತಿರುವ ಪರಭಾಷೆಯಲ್ಲೇ ಮಾತಾಡಿ ಬಂದವರಿಗೆ ಆಗುವಂಥ ದಣಿವು ಅದು. ಶಾಲೆಯಲ್ಲಿ "ತುಂಬಾ ಒಳ್ಳೆ ಹುಡುಗಿ, ತೊಂದರೆಯೇ ಇಲ್ಲ" ಅನ್ನಿಸಿಕೊಂಡವಳು ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಕುಸಿಯುವುದು ಇದರಿಂದ. ಗಂಡುಮಕ್ಕಳಲ್ಲಿ ಆಟಿಸಂ ಗುರುತಾಗುವ ಪ್ರಮಾಣ ಮೂರ್ನಾಲ್ಕು ಪಟ್ಟು ಹೆಚ್ಚಿರುವುದಕ್ಕೆ ಹುಡುಗಿಯರ ಈ ಮುಚ್ಚಿಕೊಳ್ಳುವ ಸಾಮರ್ಥ್ಯವೂ ಒಂದು ಕಾರಣ. ಆದ್ದರಿಂದ "ಶಾಲೆಯವರು ಏನೂ ಹೇಳಿಲ್ಲವಲ್ಲ" ಎಂಬುದು ಉತ್ತರವಲ್ಲ.

ಮನೆಯಲ್ಲಿ ಓಡಾಡುತ್ತಿರುವ ಕೆಲವು ಮಾತುಗಳನ್ನು ಬೇಗ ಮುಗಿಸಿಬಿಡುತ್ತೇನೆ. ಅಂಕ ಚೆನ್ನಾಗಿ ಬಂದರೆ ಆಟಿಸಂ ಇರುವುದಿಲ್ಲ ಎಂಬುದು ತಪ್ಪು, ಬುದ್ಧಿಮಟ್ಟ ಬೇರೆ, ಇದು ಬೇರೆ. ಚುಚ್ಚುಮದ್ದಿನಿಂದ ಬರುತ್ತದೆ ಎಂದು 1998ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಮೊಬೈಲ್ ಹೆಚ್ಚು ನೋಡಿದ್ದರಿಂದ ಬಂತು ಎಂಬುದೂ ಸರಿಯಲ್ಲ. ತಾಯಿ ಪ್ರೀತಿ ಕೊಡದಿದ್ದರೆ ಹೀಗಾಗುತ್ತದೆ ಎಂಬ ಹಳೆಯ ಸಿದ್ಧಾಂತವನ್ನು ವೈದ್ಯಲೋಕ ಬಿಟ್ಟು ದಶಕಗಳೇ ಆದವು. ಯಾರಾದರೂ ನಿಮ್ಮ ಮೇಲೆ ಬೆರಳು ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರು ಇನ್ನೂ ಇದ್ದಾರೆ. ಹೊಸ ಮನೆ, ಹೊಸ ಅಡುಗೆ, ಹತ್ತಾರು ಹೊಸ ಜನ, ಎಲ್ಲ ಒಂದೇ ದಿನ ಬದಲಾದರೆ ಇಂಥ ಹುಡುಗಿಗೆ ಏನಾಗಬಹುದು ಎಂದು ನೀವೇ ಊಹಿಸಿ. ಇನ್ನು ಸ್ಟೆಮ್ ಸೆಲ್ ಚಿಕಿತ್ಸೆ, ಆಮ್ಲಜನಕದ ಕೊಠಡಿ, ದೇಹದ ಲೋಹ ತೆಗೆಯುವ ಔಷಧ ಎಂದು ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗಲೇಬೇಡಿ. ಆಟಿಸಂ ಅನ್ನು ತೆಗೆದುಹಾಕುವ ಔಷಧ ಯಾವುದೂ ಇಲ್ಲ. ಜೊತೆಗೆ ಬರುವ ಆತಂಕ, ಖಿನ್ನತೆ, ನಿದ್ರಾಹೀನತೆಗೆ ಚಿಕಿತ್ಸೆ ಇದೆ, ಅದು ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ.

ನಿಮ್ಮ ಯಜಮಾನರ "ನಾನೂ ಹಿಂಗೇ ಇದ್ದೆ" ಎಂಬ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರ ತುಂಬಾ ದೊಡ್ಡದು. ಒಂದೇ ವಂಶವಾಹಿಯಿಂದ ಅಲ್ಲ, ನೂರಾರು ವಂಶವಾಹಿಗಳ ಕೂಡುವಿಕೆಯಿಂದ ಬರುವುದರಿಂದ, ತಂದೆಯ ಕಡೆಯದೋ ತಾಯಿಯ ಕಡೆಯದೋ ಎಂದು ಜಗಳವಾಡಿ ಪ್ರಯೋಜನವಿಲ್ಲ. ಮಗಳಲ್ಲಿ ತನ್ನನ್ನು ಕಾಣುವ ತಂದೆ "ಏನೂ ಇಲ್ಲ" ಎನ್ನುವುದು ಎಷ್ಟೋ ಸಲ ತನ್ನ ಬಾಲ್ಯದ ನೋವನ್ನು ಮುಟ್ಟಲಾರದೆ. ಅವರನ್ನು ಒಪ್ಪಿಸಲು ವಾದ ಮಾಡುವ ಬದಲು, "ಆಗ ನಿಮಗೆ ಯಾರು ಏನು ಸಹಾಯ ಮಾಡಿದ್ದರೆ ಚೆನ್ನಾಗಿರುತ್ತಿತ್ತು?" ಎಂದು ಕೇಳಿ. "ನನಗೂ ಈ ವಾಲಗದ ಸದ್ದು ಆಗ್ತಿರಲಿಲ್ಲ ಪುಟ್ಟಿ" ಎಂದು ಅಪ್ಪನೇ ಮಗಳಿಗೆ ಹೇಳಿದರೆ, ನಾನು ನೀವು ಹೇಳುವ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ಮಾತಿಗೆ ಬರೋಣ. ಕೂರುವ ಮೊದಲು ಒಂದು ಹಾಳೆಯಲ್ಲಿ ಅವಳು ಚೆನ್ನಾಗಿ ಮಾಡುವ ಮೂರು, ಅವಳಿಗೆ ಕಷ್ಟವಾಗುವ ಮೂರು ಸಂಗತಿ ಬರೆದುಕೊಳ್ಳಿ. ಕಣ್ಣಿಗೆ ಕಂಡ ಸಂಗತಿಗಳಿರಲಿ, ಗುಣಗಳ ಪಟ್ಟಿ ಬೇಡ. "ನೀನು ಮೊಂಡು" ಎಂಬುದು ಸಂಗತಿಯಲ್ಲ, "ಟೈಮ್‌ಟೇಬಲ್ ಬದಲಾದ ದಿನ ನೀನು ಊಟ ಮಾಡಲಿಲ್ಲ" ಎಂಬುದು ಸಂಗತಿ. ಶಾಲೆಯಿಂದ ಬಂದ ತಕ್ಷಣ, ಜಗಳದ ಬೆನ್ನಿಗೆ, ಪರೀಕ್ಷೆಯ ವಾರದಲ್ಲಿ, ರಾತ್ರಿ ಮಲಗುವ ಹೊತ್ತಿಗೆ ಈ ಮಾತು ತೆಗೆಯಬೇಡಿ. ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಬೆಳಗ್ಗೆ ಒಳ್ಳೆಯದು. ಎದುರುಬದುರು ಕೂರಿಸಿಕೊಂಡು ವಿಚಾರಣೆಯಂತೆ ಮಾಡದೆ ಪಕ್ಕಪಕ್ಕದಲ್ಲಿರಿ. ಕುಂದುವಾಡ ಕೆರೆಯ ಏರಿಯ ಮೇಲೆ ಜನ ಕಡಿಮೆ ಇರುವ ಹೊತ್ತಿನ ನಡಿಗೆ ಆಗಬಹುದು, ಮನೆಯಲ್ಲಿ ಬಟ್ಟೆ ಮಡಚುತ್ತಾ ಆಗಬಹುದು. ಕಣ್ಣು ನೋಡಬೇಕಾದ ಒತ್ತಡ ಇಲ್ಲದಿದ್ದರೆ ಈ ಮಕ್ಕಳಿಗೆ ಮಾತು ಸುಲಭ. ನೀವೊಬ್ಬರೇ ಇರಿ, ಅಥವಾ ಇಬ್ಬರೂ ಒಪ್ಪಿದ್ದರೆ ಯಜಮಾನರೂ ಇರಲಿ. ಅತ್ತೆ, ನಾದಿನಿ, ತಮ್ಮ ತಂಗಿ ಯಾರೂ ಬೇಡ.

ಹಠಾತ್ತಾಗಿ ಶುರು ಮಾಡಬೇಡಿ. ಹಿಂದಿನ ದಿನವೇ ಹೇಳಿ: "ನಾಳೆ ಬೆಳಗ್ಗೆ ನಿನ್ನ ಹತ್ರ ಒಂದು ವಿಷಯ ಮಾತಾಡಬೇಕು. ಹದಿನೈದು ನಿಮಿಷ ಸಾಕು. ನೀನೇನೂ ತಪ್ಪು ಮಾಡಿಲ್ಲ, ಮಾರ್ಕ್ಸ್ ವಿಷಯ ಅಲ್ಲ." ಕೊನೆಯ ಎರಡು ಮಾತು ಬಿಡಬೇಡಿ, ಇಲ್ಲದಿದ್ದರೆ ರಾತ್ರಿಯಿಡೀ ನಿದ್ದೆಗೆಡುತ್ತಾಳೆ.

ಮಾರನೇ ದಿನ ಮೊದಲು ಅವಳನ್ನೇ ಕೇಳಿ. "ಮದುವೆ ಮನೇಲಿ ಆ ಸದ್ದಿಗೆ ನಿಂಗೆ ಏನಾಗುತ್ತೆ? ನೋವಾಗುತ್ತಾ, ಭಯ ಆಗುತ್ತಾ?" "ಸ್ಕೂಲಿಂದ ಬಂದಾಗ ಯಾವ ಭಾಗ ಜಾಸ್ತಿ ಸುಸ್ತು ಮಾಡುತ್ತೆ, ಪಾಠನಾ, ಜನಾನಾ?" ಕೇಳಿದ ಮೇಲೆ ಸುಮ್ಮನಿರಿ. ಹತ್ತು ಸೆಕೆಂಡು ಮೌನ ನಮಗೆ ಬಹಳ ಉದ್ದ ಅನ್ನಿಸುತ್ತದೆ, ಅವಳಿಗೆ ಉತ್ತರ ಜೋಡಿಸಿಕೊಳ್ಳಲು ಅಷ್ಟು ಬೇಕು. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಿದರೆ ಅವಳು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆಮೇಲೆ ನೀವು ಹೇಳುವುದು ಹೆಚ್ಚುಕಡಿಮೆ ಇಷ್ಟು: "ಕೆಲವರ ಮೆದುಳು ಸದ್ದು, ರುಚಿ, ಜನರ ಮಾತು ಇವನ್ನೆಲ್ಲ ಬೇರೆ ರೀತಿ ತಗೊಳ್ಳುತ್ತೆ. ನೂರು ಜನರಲ್ಲಿ ಸುಮಾರು ಒಬ್ಬರು ಹಾಗಿರ್ತಾರೆ. ಅದಕ್ಕೆ ಆಟಿಸಂ ಅಂತಾರೆ. ಅದು ಹುಚ್ಚಲ್ಲ, ಅಂಟುರೋಗ ಅಲ್ಲ, ದಡ್ಡತನ ಅಲ್ಲ. ನಿನಗೆ ಅದು ಇರಬಹುದಾ ಅಂತ ನನಗೆ ಅನುಮಾನ ಬಂದಿದೆ, ಖಚಿತ ಇಲ್ಲ. ನಿನಗೆ ಏನು ಅನ್ನಿಸುತ್ತೆ?" ಅಲ್ಲಿಗೆ ನಿಲ್ಲಿಸಿ. "ನೀನು ಸ್ಪೆಷಲ್ ಮಗು", "ದೇವರು ಕೊಟ್ಟ ವರ" ಎಂಬಂಥ ಅಲಂಕಾರ ಬೇಡ, ಐನ್‌ಸ್ಟೈನ್‌ಗೂ ಆಟಿಸಂ ಇತ್ತಂತೆ ಎಂಬ ಕಥೆಯೂ ಬೇಡ. ಹದಿನೈದರ ಮಗುವಿಗೆ ಅದರೊಳಗಿನ ಸಮಾಧಾನಪಡಿಸುವ ದನಿ ತಕ್ಷಣ ಗೊತ್ತಾಗುತ್ತದೆ. ಬಾಯಲ್ಲಿ ಹೇಳಲು ಅವಳಿಗೆ ಕಷ್ಟವಾದರೆ ನೋಟ್‌ಬುಕ್ಕಿನಲ್ಲೋ ವಾಟ್ಸಾಪಿನಲ್ಲೋ ಬರೆಯಲಿ, ನೀವೂ ಅಲ್ಲಿಯೇ ಉತ್ತರಿಸಿ.

"ನಾನು ಹುಚ್ಚೀನಾ?" ಎಂದು ಕೇಳಬಹುದು. "ಅಲ್ಲ" ಎಂದು ನೇರವಾಗಿ ಹೇಳಿ, ಸುತ್ತಿಬಳಸಬೇಡಿ. "ನನಗೆ ಮೊದಲೇ ಗೊತ್ತಿತ್ತು, ಇಂಟರ್ನೆಟ್‌ನಲ್ಲಿ ಟೆಸ್ಟ್ ಮಾಡಿದ್ದೆ" ಎನ್ನುವ ಮಕ್ಕಳೂ ಬಹಳ. ಆಗ ಬೈಯದೆ ಯಾವ ಪ್ರಶ್ನೆಗೆ ಏನು ಉತ್ತರಿಸಿದೆ ಎಂದು ಕೇಳಿ ಬರೆದುಕೊಳ್ಳಿ. ಆನ್‌ಲೈನ್ ಟೆಸ್ಟ್ ರೋಗನಿರ್ಣಯವಲ್ಲ, ಆದರೆ ಅವಳ ಉತ್ತರಗಳು ನಮಗೆ ಉಪಯೋಗಕ್ಕೆ ಬರುತ್ತವೆ. ಸಿಟ್ಟು ಬಂದು ಎದ್ದು ಹೋದರೆ ಹಿಂದೆ ಹೋಗಬೇಡಿ, "ಯಾವಾಗ ಬೇಕಾದರೂ ಕೇಳು" ಎಂದಷ್ಟೇ ಹೇಳಿ. "ಹ್ಞೂಂ" ಎಂದು ಸುಮ್ಮನಾದರೆ ಒಪ್ಪಿದಳು ಎಂದು ತಿಳಿದು ಮರುದಿನವೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ. ನಾಲ್ಕು ದಿನ, ಒಂದು ವಾರ ಬಿಟ್ಟು ಅವಳೇ ಕೇಳುತ್ತಾಳೆ.

ಇಷ್ಟೆಲ್ಲ ಚೆನ್ನಾಗಿ ಮಾಡಿಯೂ ಕೆಡುವುದು ಆಮೇಲಿನ ಜಗಳದಲ್ಲಿ. "ನಿಂಗೆ ಆಟಿಸಂ ಇರೋದಕ್ಕೇ ಹಿಂಗಾಡ್ತೀಯ" ಎಂಬ ಒಂದು ಮಾತು ಬಾಯಿಂದ ಬಿದ್ದರೆ ಆ ಹೆಸರು ಅವಳಿಗೆ ಬೈಗುಳವಾಗುತ್ತದೆ, ಮತ್ತೆ ಎಂದೂ ಆ ವಿಷಯ ಎತ್ತಗೊಡುವುದಿಲ್ಲ. ಅವಳ ಒಪ್ಪಿಗೆಯಿಲ್ಲದೆ ನೆಂಟರಿಗೆ ಹೇಳುವುದೂ ಹಾಗೆಯೇ.

ಒಂದು ಪ್ರಶ್ನೆಯನ್ನು ಬಿಡದೆ ಕೇಳಬೇಕು: "ಬದುಕೋದೇ ಬೇಡ ಅಂತ ಯಾವಾಗಾದರೂ ಅನ್ನಿಸಿದೆಯಾ?" ಆಟಿಸಂ ಇರುವ, ಅದನ್ನು ಮುಚ್ಚಿಕೊಂಡು ದಣಿದ ಹದಿಹರೆಯದವರಲ್ಲಿ ಸಾವಿನ ಯೋಚನೆ ಉಳಿದವರಿಗಿಂತ ಹೆಚ್ಚು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಆಟಿಸಂ ವಿಷಯ ಪಕ್ಕಕ್ಕಿಟ್ಟು ಆ ದಿನವೇ ಮನೋವೈದ್ಯರನ್ನು ಕಾಣಿ. ಅವಳನ್ನು ಒಬ್ಬಳೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಬೀಗ ಹಾಕಿಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಪರೀಕ್ಷೆ ಎಲ್ಲಿ, ಹೇಗೆ? ರಕ್ತಪರೀಕ್ಷೆ, ಸ್ಕ್ಯಾನ್‌ನಿಂದ ಆಟಿಸಂ ಗೊತ್ತಾಗುವುದಿಲ್ಲ. ಅದಕ್ಕೆ ಮಾತುಕತೆ, ಬಾಲ್ಯದ ವಿವರ, ಗಮನಿಸುವಿಕೆ ಬೇಕು, ಸಾಮಾನ್ಯವಾಗಿ ಎರಡು ಮೂರು ಭೇಟಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗದಲ್ಲಿ ಶುರು ಮಾಡಬಹುದು. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ, ನಮ್ಮ ಊರಿನಲ್ಲೇ ಇದೆ. ಚಿತ್ರದುರ್ಗದ ಕಡೆಯವರೂ ಅಲ್ಲಿಗೆ ಬರಬಹುದು. ಸಂದೇಹ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ವಿಭಾಗ. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹೋಗುವಾಗ ತಾಯಿ ಕಾರ್ಡ್, ಒಂದನೇ ತರಗತಿಯಿಂದಿನ ಪ್ರೋಗ್ರೆಸ್ ಕಾರ್ಡುಗಳು, ಮೂರರಿಂದ ಐದು ವರ್ಷದ ನಡುವಿನ ವಿಡಿಯೋ ಇದ್ದರೆ ಅವು, ಯಾವ ವಯಸ್ಸಿನಲ್ಲಿ ಮಾತು ಬಂತು, ಅಂಗನವಾಡಿಯಲ್ಲಿ ಹೇಗೆ ಆಡುತ್ತಿದ್ದಳು ಎಂಬ ಟಿಪ್ಪಣಿ ಒಯ್ಯಿರಿ. ನಾಯಿಗಳ ನೋಟ್‌ಬುಕ್ಕನ್ನು ಅವಳು ಒಪ್ಪಿದರೆ ಮಾತ್ರ. ವೈದ್ಯರು ಅವಳ ಜೊತೆ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತಾಡಲಿ. ಕಿವಿಯ ಪರೀಕ್ಷೆ, ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ಮಾಡಿಸಿ, ದಣಿವಿಗೆ ಅವೂ ಕಾರಣವಾಗಿರಬಹುದು. ಎಲ್ಲಾದರೂ ಹತ್ತು ನಿಮಿಷ ನೋಡಿ "ಕಣ್ಣು ಕೊಟ್ಟು ಮಾತಾಡುತ್ತಾಳೆ, ಏನೂ ಇಲ್ಲ" ಎಂದರೆ ಅದನ್ನೇ ಅಂತಿಮವೆಂದು ತಿಳಿಯಬೇಡಿ. ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿ ಬಳಸುವ ಐಎಸ್‌ಎಎ ಎಂಬ ಅಳತೆಯಲ್ಲಿ 40 ಅಂಶಗಳಿವೆ, ಅಂಕ 40ರಿಂದ 200, ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಚೆನ್ನಾಗಿ ಮಾತಾಡುವ, ಮುಚ್ಚಿಕೊಳ್ಳಲು ಕಲಿತ ಹುಡುಗಿಗೆ ಅದರಲ್ಲಿ ಅಂಕ ಕಡಿಮೆ ಬರುವ ಸಂಭವ ಇದ್ದೇ ಇದೆ. ಆದ್ದರಿಂದ ಆ ಒಂದೇ ಅಂಕದ ಮೇಲೆ ತೀರ್ಮಾನ ಬೇಡ.

ಹತ್ತನೇ ಕ್ಲಾಸು ಮುಗಿಯಲಿ ಎಂದು ಕಾಯಬಹುದೇ? ಕಾಯಬಹುದು, ಅವಳು ಸದ್ಯ ಹೇಗೋ ನಿಭಾಯಿಸುತ್ತಿದ್ದರೆ. ಅದರಲ್ಲಿ ಎರಡು ಅಪಾಯ. ಎಸ್ಸೆಸ್ಸೆಲ್ಸಿ ವರ್ಷದ ಒತ್ತಡದಲ್ಲೇ ಈ ಮಕ್ಕಳು ಕುಸಿಯುವುದು ಹೆಚ್ಚು. ಎರಡನೆಯದು, ಪರೀಕ್ಷೆಯ ರಿಯಾಯಿತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಶೇ. 40 ಅಥವಾ ಹೆಚ್ಚಿನ ಪ್ರಮಾಣಪತ್ರ ಇರುವವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಇದು ಬೇಕೆನಿಸಿದರೆ ಪರೀಕ್ಷಾ ನೋಂದಣಿಗೆ ಮೊದಲೇ ಕಾಗದ ಕೈಯಲ್ಲಿರಬೇಕು, ಅಂದರೆ ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಬೇಕು. ರೋಗನಿರ್ಣಯ ಆದರೂ ಪ್ರಮಾಣಪತ್ರ ಮಾಡಿಸಲೇಬೇಕೆಂದಿಲ್ಲ, ಅದು ನಿಮ್ಮ ಆಯ್ಕೆ.

ಮದುವೆಯ ಚಿಂತೆಗೆ ನೇರ ಉತ್ತರ ಕೊಡುತ್ತೇನೆ. ಕಾನೂನೇ ಹೇಳುವ ಕೆಲವು ಸಂದರ್ಭ ಬಿಟ್ಟರೆ ವೈದ್ಯರು ಈ ಮಾಹಿತಿಯನ್ನು ಹೊರಗಿನ ಯಾರಿಗೂ ಹೇಳುವಂತಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೌಪ್ಯತೆ ರೋಗಿಯ ಹಕ್ಕು. ಅಂಕಪಟ್ಟಿಯ ಮೇಲೂ ಆಧಾರ್ ಮೇಲೂ ಬರುವುದಿಲ್ಲ. ಹದಿನೆಂಟಾದ ಮೇಲೆ ಯಾರಿಗೆ ಹೇಳಬೇಕೆಂಬುದು ಅವಳ ತೀರ್ಮಾನ. ಹೆಸರು ಗೊತ್ತಿಲ್ಲದಿದ್ದರೂ ಸದ್ದಿನ ಕಷ್ಟ, ದಣಿವು ಇದ್ದೇ ಇರುತ್ತವೆ. ಹೆಸರು ಗೊತ್ತಿದ್ದವಳು ತನಗೆ ಏನು ಬೇಕು ಎಂದು ಹೇಳಬಲ್ಲಳು, ಅಂಥವಳಿಗೆ ಹೊಂದುವ ಸಂಗಾತಿಯನ್ನು ಆರಿಸಿಕೊಳ್ಳುವುದೂ ಸುಲಭ.

ರೋಗನಿರ್ಣಯಕ್ಕೆ ಕಾಯದೆ ಇವತ್ತಿನಿಂದಲೇ ಮಾಡಬಹುದಾದವೂ ಇವೆ, ಆಟಿಸಂ ಅಲ್ಲವೆಂದು ತೇಲಿದರೂ ಇವುಗಳಿಂದ ನಷ್ಟವಿಲ್ಲ. ಶಾಲೆಯಿಂದ ಬಂದ ಮೇಲೆ ಮುಕ್ಕಾಲು ಗಂಟೆ ಯಾವ ಪ್ರಶ್ನೆಯೂ ಬೇಡ, ತಿಂಡಿಯ ತಟ್ಟೆ ಬಾಗಿಲ ಬಳಿ ಇಟ್ಟು ಬನ್ನಿ. ಅವಳ ಪಾಲಿನದನ್ನು ಒಗ್ಗರಣೆ ಹಾಕುವ ಮೊದಲೇ ತೆಗೆದಿಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಒಂದು ಜೊತೆ ಬ್ಯಾಗಿನಲ್ಲಿರಲಿ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಸದ್ದು ತಡೆಯುವುದಿಲ್ಲ, ಮಕ್ಕಳು "ಇದು ವೇಸ್ಟ್" ಎಂದು ಎಸೆಯುತ್ತಾರೆ. ಮದುವೆಗೋ ದುಗ್ಗಮ್ಮನ ಜಾತ್ರೆಗೋ ಹೋಗುವಾಗ ಎಷ್ಟು ಹೊತ್ತು ಇರುವುದು, ಸಾಕಾದರೆ ಏನು ಸನ್ನೆ, ಎಲ್ಲಿ ಹೋಗಿ ಕೂರುವುದು ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಸನ್ನೆ ಮಾಡಿದಾಗ "ಇನ್ನೈದು ನಿಮಿಷ" ಅನ್ನದೆ ಎದ್ದು ಬನ್ನಿ. ಮುಟ್ಟಿನ ದಿನಗಳಲ್ಲಿ ಪ್ಯಾಡಿನ ಸ್ಪರ್ಶವೇ ಹಿಂಸೆಯಾಗುತ್ತಿದೆಯೇ ಎಂದು ಕೇಳಿ, ಮೆತ್ತನೆಯ ಹತ್ತಿಯದನ್ನು ಪ್ರಯತ್ನಿಸಿ. ಶಾಲೆಯಲ್ಲಿ ಕ್ಲಾಸ್ ಟೀಚರ್ ಒಬ್ಬರಿಗೆ ಮಾತ್ರ, ಅವಳ ಒಪ್ಪಿಗೆ ಪಡೆದು, "ಬದಲಾವಣೆ ಇದ್ದರೆ ಮೊದಲೇ ಹೇಳಿ, ಸೂಚನೆಯನ್ನು ಬೋರ್ಡಿನ ಮೇಲೆ ಬರೆಯಿರಿ, ತೀರಾ ಕಷ್ಟವಾದಾಗ ಲೈಬ್ರರಿಗೆ ಹೋಗಲು ಬಿಡಿ" ಎಂದು ಕೇಳಿಕೊಳ್ಳಿ. ಆಟಿಸಂ ಎಂಬ ಪದ ಅಲ್ಲಿ ಬೇಕಾಗಿಯೇ ಇಲ್ಲ. ಅತ್ತೆಯವರಿಗೂ ಅಷ್ಟೇ: "ಜೋರು ಸದ್ದು ಅವಳಿಗೆ ಆಗಲ್ಲ ಅತ್ತೆ, ಬೇಕಂತ ಮಾಡೋದಲ್ಲ" ಎಂದರೆ ಸಾಕು.

ಅವಳು "ಡಾಕ್ಟರ್ ಹತ್ರ ಬರಲ್ಲ" ಎಂದರೆ? ಮೇಲಿನ ಅಪಾಯದ ಲಕ್ಷಣಗಳು ಇಲ್ಲದಿದ್ದರೆ ಬಲವಂತ ಬೇಡ. ಮೊದಲು ನೀವಿಬ್ಬರೇ ಹೋಗಿ ವೈದ್ಯರಿಗೆ ಬಾಲ್ಯದ ವಿವರ ಕೊಡಿ, ಹೋಗಿಬಂದದ್ದನ್ನು ಅವಳಿಗೆ ತಿಳಿಸಿ. ಆಸ್ಪತ್ರೆಯ ಕೋಣೆಯ ಫೋಟೋ, ವೈದ್ಯರು ಗಂಡಸರೋ ಹೆಂಗಸರೋ, ಎಷ್ಟು ಹೊತ್ತು, ಏನೇನು ಕೇಳುತ್ತಾರೆ, ಸೂಜಿ ಚುಚ್ಚುತ್ತಾರೋ ಇಲ್ಲವೋ, ಇವನ್ನು ಒಂದು ಹಾಳೆಯಲ್ಲಿ ಬರೆದು ಅವಳ ಮೇಜಿನ ಮೇಲಿಡಿ. ಬರಲು ಒಪ್ಪದಿರುವುದಕ್ಕೆ ಎಷ್ಟೋ ಸಲ ಕಾರಣ ಅಲ್ಲಿ ಏನಾಗುತ್ತದೆಂದು ಗೊತ್ತಿಲ್ಲದಿರುವುದೇ. ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ, ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಓಪಿಡಿಯ ಗದ್ದಲ ಆಗ ಕಡಿಮೆ ಇರುತ್ತದೆ.